ಕಾರ ಹುಣ್ಣಿಮೆಯ ಗೊಟ್ಟ

ಗೊಟ್ಟ ಅಂದರೆ ಬಿದಿರಿನ ಕೊಳವೆ, ಒಂದು ಮೊಳದಷ್ಟು ಉದ್ದ. ಒಂದು ತುದಿಯಲ್ಲಿ ಗಿಣ್ಣು ಇರುತ್ತದೆ, ಇನ್ನೊಂದು ತುದಿಯನ್ನು ಓರೆಯಾಗಿ ಕೊಯ್ದು ನುಣ್ಣಗೆ ಉಜ್ಜಿರುತ್ತಾರೆ. ಎತ್ತಿಗೆ ಎಣ್ಣೆಯನ್ನೋ ಔಷಧವನ್ನೋ ಕುಡಿಸಬೇಕಾದರೆ ಅದರ ತಲೆ ಮೇಲೆತ್ತಿ ಹಿಡಿದು, ದವಡೆಯ ಸಂದಿಯಲ್ಲಿ ಗೊಟ್ಟ ತೂರಿಸಿ ಸುರಿಯಬೇಕು. ಎತ್ತು ನಾಲಿಗೆ ಹೊರಳಿಸುತ್ತದೆ, ತಲೆ ಕೊಡವುತ್ತದೆ, ಅರ್ಧ ಎಣ್ಣೆ ನಮ್ಮ ಮೈಮೇಲೆ ಬೀಳುತ್ತದೆ. ನನ್ನ ಕೈಯಲ್ಲಿ ಮಾತ್ರ ಬೀಳುತ್ತಿರಲಿಲ್ಲ. ಕಾರ ಹುಣ್ಣಿಮೆಯ ದಿನ ಊರವರು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಸಾಲಿಯಲ್ಲಿ ಏಳನೆಯ ಇಯತ್ತೆ ದಾಟದ ನನಗೆ ಊರಲ್ಲಿ ಇದ್ದ ಮರ್ಯಾದೆ ಇದೊಂದೇ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರಿಂದಲೇ ಆಯಿತು.

ನಮ್ಮದು ಅಕ್ಕಲಕೋಟ ತಾಲೂಕು. ಹನ್ನೂರಿನ ಹಾದಿಯಲ್ಲಿ ಹೊಲ, ಹೊಲದಲ್ಲೇ ಮನೆ. ನನಗೂ ನನ್ನ ತಂಗಿಗೂ ಹದಿನೇಳು ವರ್ಷದ ಅಂತರ. ಆಕೆ ಹುಟ್ಟಿದಾಗ ಅವ್ವನಿಗೆ ಮೈಯಲ್ಲಿ ಶಕ್ತಿ ಇರಲಿಲ್ಲ. ಎತ್ತಿ ಆಡಿಸಿದವನು ನಾನು, ಅಂಗನವಾಡಿಗೆ ಬೈಕಿನ ಟಾಕಿಯ ಮೇಲೆ ಕೂಡಿಸಿಕೊಂಡು ಹೋದವನು ನಾನು. ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರರು, 'ಮುಲಗೀ ತುಮಚೀಚ ಕಾ?', ಹುಡುಗಿ ನಿಮ್ಮದೇನಾ, ಎಂದು ಮರಾಠಿಯಲ್ಲಿ ಕೇಳಿದರೆ ನಾನು ಹೌದು ಎಂದೇ ಅನ್ನುತ್ತಿದ್ದೆ. ಆಕೆ ಸಿಟ್ಟಾಗಿ, 'ಏ, ಅಣ್ಣ ಅದಾನ ಅಂವಾ, ಅಪ್ಪ ಅಲ್ಲ,' ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗುತ್ತಿದ್ದಳು.

ಆಕೆಗೆ ಎಂಟು ವರ್ಷವಿದ್ದಾಗಿನ ದೀಪಾವಳಿಗೆ ನಾವು ಸೋಲಾಪುರದ ಮಾವನ ಮನೆಗೆ ಹೋಗಿದ್ದೆವು. ಮಧ್ಯಾಹ್ನ ಹುಡುಗಿ ಕಾಣಲಿಲ್ಲ. ಮಾವನ ಅಂಗಡಿ, ಹಿಂದಿನ ಸಂದಿ, ನೀರಿನ ಟಾಕಿ, ಎಲ್ಲ ಹುಡುಕಿ ಮುಗಿಸುವಷ್ಟರಲ್ಲಿ ಓಣಿಯ ತುದಿಯ ತಗಡಿನ ಶೆಡ್ಡಿನಿಂದ ಒಬ್ಬ ಮುದುಕಿ ಕೂಗಿದಳು.

'ಏ ಬಾಬಾ, ಈ ಪೋರಿ ನಿಂದೇನು? ಕರ್ಕೊಂಡು ಹೋಗು. ನನ್ನ ಕುದುರಿ ಕದಿಯಾಕ ಬಂದಾಳ.'

ಮದುವೆಯ ವರಾತಕ್ಕೆ, ಅಂದರೆ ಮೆರವಣಿಗೆಗೆ, ಕುದುರೆ ಕೊಡುವವರ ಶೆಡ್ಡು ಅದು. ಮುದುಕಿಯ ಗಂಡ ಒಂದು ಕಾಲಕ್ಕೆ ಸ್ಟೇಶನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದನಂತೆ. ಅವನು ಹೋದ ಮೇಲೆ ಮಕ್ಕಳು ಮದುವೆಯ ದಂಧೆ ಹಿಡಿದಿದ್ದರು. ದೊಡ್ಡ ಬಿಳಿ ಕುದುರೆಗಳನ್ನು ಮಕ್ಕಳು ನೋಡಿಕೊಳ್ಳುತ್ತಿದ್ದರು. ಮೂಲೆಯಲ್ಲಿ ಕಟ್ಟಿದ್ದ ಒಂದು ಸಣ್ಣ ಕಂದು ತಟ್ಟು ಕುದುರೆ ಮಾತ್ರ ಮುದುಕಿಯದು. ಹಣೆಯ ಮೇಲೆ ಸುಣ್ಣದ ಬೆರಳು ಒತ್ತಿದ ಹಾಗೆ ಬಿಳಿ ಮಚ್ಚೆ. ನನ್ನ ತಂಗಿ ಅದರ ಮುಂದೆ ಬಕೆಟ್ಟು ಹಿಡಿದು ನಿಂತಿದ್ದಳು. ಅದು ನೀರು ಕುಡಿಯುತ್ತಿತ್ತು. ಅದು ಕುಡಿದು ಮುಗಿಸುವ ತನಕ ಆಕೆ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಊರಿಗೆ ಬಂದ ದಿನದಿಂದ ಕುದುರೆ, ಕುದುರೆ. ಅಪ್ಪ ಮೊದಲು ನಕ್ಕ.

'ಕುದುರಿ ಯಾಕವಾ ನಮಗ? ಉಳಾಕ ಬರಂಗಿಲ್ಲ, ಹಿಂಡಾಕ ಬರಂಗಿಲ್ಲ.'

'ನನಗೂ ಉಳಾಕ ಬರಂಗಿಲ್ಲ, ಹಿಂಡಾಕ ಬರಂಗಿಲ್ಲ. ನನ್ನ ಇಟ್ಕೊಂಡಿಲ್ಲೇನು?'

ಅಪ್ಪ ಉಣ್ಣುತ್ತಿದ್ದವನು ಎದ್ದು ಹೊರಗೆ ಹೋಗಿ ನಕ್ಕು ಬಂದ. ಆದರೆ ದನದ ವಿಷಯದಲ್ಲಿ ಅಪ್ಪ ಗಟ್ಟಿ. ಸಾಕಲು ಬಾರದವರ ಕೈಗೆ ಕೋಳಿಯನ್ನೂ ಕೊಡಬಾರದು ಎನ್ನುವವನು. ಆತ ಒಂದು ಮಾತು ಹಾಕಿದ. ಮೊದಲು ಆ ಮುದುಕಿಯ ಹತ್ತಿರ ಹೋಗಿ ಕುದುರೆ ನೋಡಿಕೊಳ್ಳುವುದನ್ನು ಕಲಿಯಬೇಕು. ಹುಡುಗಿ ಕಲಿತಳು ಎಂದು ಮುದುಕಿಯೇ ತನ್ನ ಬಾಯಿಂದ ಅನ್ನಬೇಕು. ಆಮೇಲೆ ತರುವ ಮಾತು.

'ಮತ್ತ ನೀ ಜೋಡಿ ಹೋಗು,' ಎಂದು ನನಗೆ ಅಂದ. 'ನೀನೂ ಕಲಿ. ಹುಡುಗಿ ಸಾಲಿಗೆ ಹೋದಾಗ ನೋಡಾವ ಯಾರು?'

ನಾನು ಆಯಿತು ಎಂದೆ. ನನ್ನ ಮನಸ್ಸಿನಲ್ಲಿ ಮಾತ್ರ, ಹುಟ್ಟಿದಾಗಿನಿಂದ ದನದ ಜೋಡಿ ಬೆಳೆದ ನನಗೆ ಸೋಲಾಪುರದ ಮುದುಕಿ ಏನು ಕಲಿಸುತ್ತಾಳೆ ಎಂದು ಇತ್ತು.

ಆ ಚಳಿಗಾಲ, ಆ ಬೇಸಿಗೆ, ರವಿವಾರ ಬಂತೆಂದರೆ ಅಕ್ಕಲಕೋಟದ ತನಕ ಬೈಕು, ಅಲ್ಲಿಂದ ಎಸ್.ಟಿ. ಮುದುಕಿಯನ್ನು ತಂಗಿ ಆಯಿ ಎಂದು ಕರೆಯತೊಡಗಿದಳು. ಆಯಿ ಕನ್ನಡ ಮರಾಠಿ ಎರಡನ್ನೂ ಕಲೆಸಿ ಮಾತಾಡುತ್ತಿದ್ದಳು, ಬಾಯಲ್ಲಿ ಸದಾ ತಂಬಾಕು. ಮೊದಲ ರವಿವಾರ ಹುಡುಗಿಯ ಕೈಗೆ ಕಸಬರಿಗೆ ಕೊಟ್ಟಳು, ಅಷ್ಟೆ. ಕುದುರೆಯ ಸಗಣಿಗೆ ಲದ್ದಿ ಅನ್ನುತ್ತಾರೆ. ಲದ್ದಿ ಬಳಿ, ಬಳಿಯುವಾಗ ನೋಡು, ಒಡೆದಿದೆಯೋ ಉಂಡೆಯಾಗಿದೆಯೋ, ಹಸಿಯೋ ಒಣಗಿದ್ದೋ. 'ಅದಕ್ಕ ಬಾಯಿಲ್ಲ. ಲದ್ದೀನ ಅದರ ಮಾತು,' ಅಂದಳು. ತಂಗಿ ಮನೆಗೆ ಬಂದು ಅವ್ವನ ಮುಂದೆ ಲದ್ದಿಯ ಬಗೆಗಳನ್ನು ಹೇಳಿದಳು. ಅವ್ವ, 'ಉಣ್ಣು ಮೊದಲ, ಆಮ್ಯಾಲ ಹೇಳು,' ಎಂದು ಬೈದಳು.

ಆಮೇಲಿನ ರವಿವಾರಗಳಲ್ಲಿ ಮೈ ಉಜ್ಜುವುದು. ಕೂದಲಿನ ದಿಕ್ಕಿಗೆ, ಹೊಟ್ಟೆಯ ಕೆಳಗೆ ಮೆಲ್ಲಗೆ. ಹಿಂದಿನಿಂದ ಹೋಗಬಾರದು, ಹೋಗಲೇಬೇಕಾದರೆ ಮಾತಾಡುತ್ತ ಹೋಗಬೇಕು, ಬೆನ್ನ ಮೇಲಿನ ಕೈ ತೆಗೆಯಬಾರದು. ಗೊರಸು ಎತ್ತಿ ಒಳಗಿನ ಕಲ್ಲು ಮಣ್ಣು ಕೆರೆಯುವುದು. ಹುಡುಗಿಗೆ ಕಾಲು ಎತ್ತಲು ಆಗುತ್ತಿರಲಿಲ್ಲ. 'ಎತ್ತಬ್ಯಾಡ, ಕೇಳು,' ಎಂದಳು ಆಯಿ. ಭುಜಕ್ಕೆ ಭುಜ ಒರಗಿಸಿ, ಕಾಲ ಹಿಂದೆ ಕೈ ಇಳಿಸುತ್ತ ಬಂದು, ಗಿಣ್ಣಿನ ಹತ್ತಿರ ಸ್ವಲ್ಪ ಒತ್ತಿದರೆ ತಟ್ಟು ತಾನೇ ಕಾಲು ಕೊಡುತ್ತಿತ್ತು. ಮೊದಲ ಸಲ ಕೊಟ್ಟಾಗ ತಂಗಿ ಆ ಗೊರಸನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟಳು. 'ಕೆರಿ, ಪೋರಿ! ಪೂಜಿ ಮಾಡ್ತಿ ಏನು?' ಎಂದು ಆಯಿ ಕೂಗಿದಳು.

ನಾನು ಎಲ್ಲಿರುತ್ತಿದ್ದೆ? ಗೇಟಿನ ಹತ್ತಿರದ ಕಲ್ಲಿನ ಮೇಲೆ. ಮೊಬೈಲಿನಲ್ಲಿ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿಯ ದರ ನೋಡುತ್ತ. ಆಯಿ ನನ್ನನ್ನು ಎತ್ತಿನ ರಾಜಾ ಎಂದು ಕರೆಯುತ್ತಿದ್ದಳು. 'ಬಾರೋ ಎತ್ತಿನ ರಾಜಾ, ನೀನೂ ಕೇಳು. ಇದು ಎತ್ತಲ್ಲ. ಮೆಲುಕು ಹಾಕಂಗಿಲ್ಲ, ವಾಂತಿ ಮಾಡಂಗಿಲ್ಲ. ಒಳಗ ಹೋದದ್ದು ಒಳಗ.' ನಾನು ಕೈ ಬೀಸಿ, 'ಆಕೀ ಕಲೀಲಿ ಬಿಡ್ರಿ,' ಅನ್ನುತ್ತಿದ್ದೆ.

ಒಂದು ರವಿವಾರ ನನ್ನ ಕಣ್ಣ ಮುಂದೆ ಇನ್ನೂ ಇದೆ. ಆಯಿ ಹುಡುಗಿಗೆ, 'ಆಕಾಶ ನೋಡು. ಹಂಗ ನೋಡ್ಕೋತ ಉಗುಳು ನುಂಗು,' ಎಂದಳು. ತಂಗಿ ಕುತ್ತಿಗೆ ಹಿಂದೆ ಚಾಚಿ ನುಂಗಲು ಹೋಗಿ ಕೆಮ್ಮಿ ನಕ್ಕಳು.

'ನಿನಗ ಬರಂಗಿಲ್ಲ, ಹೌದಲ್ಲ? ಅದಕ್ಕೂ ಹಂಗ. ತಲಿ ಮ್ಯಾಲೆತ್ತಿ ಬಾಯಾಗ ಏನರ ಹಾಕಿದ್ರ ಹೊಟ್ಟಿಗೆ ಹೋಗಂಗಿಲ್ಲ, ಉಸಿರಿನ ದಾರಿ ಹಿಡೀತದ. ಹೊಟ್ಟಿ ನೋಯ್ಲಿ, ಏನರ ಆಗ್ಲಿ, ಬಾಯಾಗ ಹಾಕಬ್ಯಾಡ. ನಡಸು. ನನಗ ಫೋನ್ ಹಚ್ಚು. ಮತ್ತ ಸಿಹಿ ಅಂತೂ ಮುಟ್ಟಿಸಬ್ಯಾಡ. ಏ ರಾಜಾ, ನೀನೂ ನೋಡು, ಆಕಾಶ ನೋಡಿ ನುಂಗು!'

ನಾನು ಮೊಬೈಲಿನಿಂದ ತಲೆ ಎತ್ತಲಿಲ್ಲ. ಮಾತು ಕಿವಿಗೆ ಬಿತ್ತು, ಬಿದ್ದಿದ್ದಕ್ಕೇ ಈಗ ಬರೆಯಲು ಆಗುತ್ತಿದೆ. ಕೇಳಿರಲಿಲ್ಲ ಎಂದು ಹೇಳುವ ಹಾದಿಯೂ ನನಗಿಲ್ಲ.

ಬೇಸಿಗೆಯ ಸೂಟಿ ಮುಗಿಯುತ್ತ ಬಂದಾಗ ಆಯಿ ತಾನಾಗಿ ಅಪ್ಪನಿಗೆ ಫೋನು ಮಾಡಿದಳು. ಸೋಲಾಪುರದ ಬಿಸಿಲಿಗೆ ತಗಡಿನ ಶೆಡ್ಡು ಒಲೆಯಾಗಿದೆ, ತಟ್ಟು ನಿಮ್ಮ ಹೊಲದಲ್ಲಿ ಬೇವಿನ ನೆರಳಿಗೆ ಇರಲಿ, ನಾಗರ ಪಂಚಮಿಯ ತನಕ ಹುಡುಗಿ ನೋಡಿಕೊಳ್ಳಲಿ. ಆಗ ಬಂದು ನೋಡುತ್ತೇನೆ. ಮೈ ಗೊರಸು ನೆಟ್ಟಗಿದ್ದರೆ ಅಲ್ಲೇ ಬಿಟ್ಟು ಬರುತ್ತೇನೆ, ಆಕೆಯದೇ. ಇಲ್ಲದಿದ್ದರೆ ಹೊಡೆದುಕೊಂಡು ಬರುತ್ತೇನೆ.

'ರೊಕ್ಕ?' ಎಂದು ಅಪ್ಪ ಕೇಳಿದ.

'ವರ್ಷಕ್ಕ ಎರಡು ಚೀಲ ಬಿಳಿ ಜ್ವಾಳ ಕಳಸು. ನನ್ನ ಸೊಸಿ ಗೋಧಿ ಚಪಾತಿ ತಿನ್ನಿಸಿ ನನ್ನ ಕೊಲ್ಲಾಕತ್ತಾಳ.'

ಟೆಂಪೋದಲ್ಲಿ ತಟ್ಟು ಬಂತು. ಅದು ಇಳಿದಾಗ ನಮ್ಮ ಎತ್ತುಗಳು ಮೇವು ಬಿಟ್ಟು ನೋಡಿದವು. ತಂಗಿ ಮುಂಜಾನೆ ಏಳುವುದು, ಗೋದಲಿ ಬಳಿಯುವುದು, ಲದ್ದಿ ನೋಡುವುದು, ನೀರು ತೋರಿಸುವುದು, ನೀರು ಕುಡಿದ ಮೇಲೆ ನೆನೆಸಿದ ಕಡ್ಲಿ ಒಂದು ಬೊಗಸೆ, ಆಮೇಲೆ ತಾನು ಚಹಾ ಕುಡಿಯುವುದು. ಸಾಲಿ ಶುರುವಾದ ಮೇಲೂ ತಪ್ಪಲಿಲ್ಲ. ಒಂದು ದಿನವೂ ಹತ್ತಿ ಕೂಡಲಿಲ್ಲ. ಕೂಡು ಎಂದರೆ, 'ಇನ್ನೂ ನಂದಾಗಿಲ್ಲ,' ಅನ್ನುತ್ತಿದ್ದಳು. ಅಪ್ಪ ದೂರದಿಂದ ನೋಡುತ್ತಿದ್ದ. ಆದರೆ ಒಂದು ದಿನ ತಟ್ಟಿನ ಗೂಟದ ಸುತ್ತ ತಾನೇ ಮುರುಮು ಮಣ್ಣು ಹಾಕಿ ಬಡಿದು ದಮ್ಮಸು ಮಾಡಿದ. ಅಪ್ಪನ ಮಟ್ಟಿಗೆ ಅದು ದೊಡ್ಡ ಮಾತು.

ಕಾರ ಹುಣ್ಣಿಮೆ ಬಂತು. ಅಂದು ಎತ್ತಿಗೆ ನೊಗ ಇಲ್ಲ. ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆಗೆ ಊರ ಅಗಸಿಯಲ್ಲಿ ಅಡ್ಡ ಕಟ್ಟಿದ ಕರಿ ಎಂಬ ಹಗ್ಗ ಹರಿಯಲು ಓಡಿಸುತ್ತೇವೆ. ಅದಕ್ಕೂ ಮೊದಲು ಮನೆಯ ದನಗಳಿಗೆಲ್ಲ ಗೊಟ್ಟ. ಕುಸುಬಿ ಎಣ್ಣೆ, ಅರಿಷಿಣ, ಬೆಲ್ಲ ಕಲೆಸಿ ಕುಡಿಸಿದರೆ ಮಳೆಗಾಲದ ದುಡಿತಕ್ಕೆ ಮೈ ಗಟ್ಟಿಯಾಗುತ್ತದೆ ಎಂದು ನಮ್ಮ ನಂಬಿಕೆ. ಮುಂಜಾನೆಯೇ ನಾನು ಗೊಟ್ಟ ತೊಳೆಯುತ್ತಿದ್ದಾಗ ತಂಗಿ ಬಂದು ನಿಂತಳು.

'ಅಣ್ಣಾ, ಅದಕ್ಕ ಹಾಕಬ್ಯಾಡ ಹಾಂ. ಆಯಿ ಬ್ಯಾಡಂದಾಳ.'

'ನಿಮ್ಮ ಆಯಿಗೆ ಗೊಟ್ಟ ಹಿಡ್ಯಾಕ ಬರಂಗಿಲ್ಲ, ಅದಕ್ಕ ಬ್ಯಾಡಂದಾಳ.'

'ಆಣಿ ಮಾಡು.'

'ಹೋಗ ಹೋಗ, ಹಾಕಂಗಿಲ್ಲ.'

ಆಣೆ ಮಾಡಲಿಲ್ಲ. ಆದರೂ ಆಕೆ ನಂಬಿ ಹೋದಳು.

ಮಧ್ಯಾಹ್ನ ಅಪ್ಪ ಎತ್ತುಗಳನ್ನು ಬಾವಿಯ ಹತ್ತಿರ ಒಯ್ದಿದ್ದ. ಅವ್ವ ಹೋಳಿಗೆ ಮಾಡುತ್ತಿದ್ದಳು, ತಂಗಿ ಒಳಗೆ ಇದ್ದಳು. ದನದ ಕೊಟ್ಟಿಗೆಯಲ್ಲಿ ನಾನು ಒಬ್ಬನೇ. ಎತ್ತು, ಆಕಳು, ಹೋರಿಕರು, ಎಲ್ಲಕ್ಕೂ ಹಾಕಿ ಮುಗಿಸಿದ್ದೆ. ಪಾತ್ರೆಯ ತಳದಲ್ಲಿ ಒಂದು ಗೊಟ್ಟದಷ್ಟು ಉಳಿದಿತ್ತು. ತಟ್ಟು ಬೇವಿನ ಕೆಳಗೆ ನಿಂತಿತ್ತು. ತಂಗಿ ಅದಕ್ಕೂ ಚೆಂಡುಹೂವಿನ ಸರ ಕಟ್ಟಿದ್ದಳು. ಮನೆಯ ದನಕ್ಕೆಲ್ಲ ಹಬ್ಬ, ಇದೊಂದಕ್ಕೆ ಇಲ್ಲ ಎಂದು ಅನಿಸಿತು. ಅದೂ ನಿಜ. ಆಯಿಯ ಮಾತು ಸುಳ್ಳು ಮಾಡಿ ತೋರಿಸಬೇಕು ಎಂದೂ ಅನಿಸಿತು. ಅದೂ ನಿಜ. ಎರಡರಲ್ಲಿ ಯಾವುದು ಮುಂದಿತ್ತು ಎಂದು ಇಷ್ಟು ವರ್ಷ ಕೇಳಿಕೊಂಡರೂ ನನಗೆ ತಿಳಿದಿಲ್ಲ.

ಅದು ಒದ್ದಾಡಲಿಲ್ಲ. ಎತ್ತಾಗಿದ್ದರೆ ತಲೆ ಕೊಡವುತ್ತಿತ್ತು. ಇದರ ಮುಖ, ಬಾಯಿ, ಕಿವಿಯನ್ನು ತಂಗಿ ದಿನವೂ ಮುಟ್ಟಿ ಮುಟ್ಟಿ ಮನುಷ್ಯರ ಕೈ ಅಂದರೆ ಒಳ್ಳೆಯದೇ ಎಂದು ಕಲಿಸಿಬಿಟ್ಟಿದ್ದಳು. ಗದ್ದಕ್ಕೆ ಕೈ ಕೊಟ್ಟು ತಲೆ ಎತ್ತಿದೆ, ಎತ್ತಿತು. ಗೊಟ್ಟ ತೂರಿಸಿದೆ, ಬಾಯಿ ಕೊಟ್ಟಿತು. ಸುರಿದೆ. ಒಂದು ಗುಟುಕು ಒಳಗೆ ಹೋದದ್ದು ಕಂಡಿತು. ಆಮೇಲೆ ಅದರ ಇಡೀ ಮೈ ಒಮ್ಮೆ ಸೆಟೆಯಿತು, ಕೆಮ್ಮಿತು. ಮೂಗಿನ ಹೊಳ್ಳೆಗಳಿಂದ ಹಳದಿ ಎಣ್ಣೆ ಹೊರಗೆ ಬಂತು. ನಾನು ತಲೆ ಬಿಟ್ಟೆ. ಅದು ತಲೆ ಕೆಳಗೆ ಹಾಕಿ ಕೆಮ್ಮುತ್ತಲೇ ಇತ್ತು. ಹೆಗಲ ಮೇಲಿನ ಟಾವೆಲ್ಲಿನಿಂದ ಅದರ ಮೂಗು ಒರೆಸಿದೆ, ನೆಲಕ್ಕೆ ಬಿದ್ದ ಎಣ್ಣೆಯ ಮೇಲೆ ಕಾಲಿನಿಂದ ಮಣ್ಣು ಎಳೆದೆ.

ತಂಗಿ ಓಡಿ ಬಂದಳು. 'ಯಾಕ ಕೆಮ್ಮಾಕತ್ತದ?'

'ಧೂಳ ಹೋಗ್ಯದ.'

'ಗೊಟ್ಟ ಹಾಕಿದ್ಯಾ?'

'ಇಲ್ಲ.'

ಹಬ್ಬದ ದಿನ ಆಕೆ ಅಳಬಾರದು ಎಂದು ಅಂದ ಮಾತು ಅದು. ಸಂಜೆಯೊಳಗೆ ಕೆಮ್ಮು ನಿಲ್ಲುತ್ತದೆ, ಆಮೇಲೆ ಎಂದಾದರೂ ನಗುತ್ತ ಹೇಳಿದರಾಯಿತು ಎಂದುಕೊಂಡೆ.

ಸಂಜೆ ಅದು ಮೇವು ಮುಟ್ಟಲಿಲ್ಲ. ಮರುದಿನ ಹೊಳ್ಳೆ ಅಗಲ ಮಾಡಿ ಉಸಿರಾಡುತ್ತಿತ್ತು, ಪಕ್ಕೆ ತಿದಿಯ ಹಾಗೆ ಏಳುತ್ತಿತ್ತು. ತಂಗಿ ಕಿವಿ ಮುಟ್ಟಿ, 'ಬಿಸಿ ಅದ,' ಎಂದಳು. ಹೊಟ್ಟೆಗೆ ಕಿವಿ ಹಚ್ಚಿ, 'ಹೊಟ್ಟಿ ಗುಡುಗುಡು ಅಂತದ. ಹೊಟ್ಟಿ ಬೇನಿ ಅಲ್ಲ,' ಎಂದಳು. ಆಯಿಗೆ ಫೋನು ಹಚ್ಚಿದವಳೂ ಆಕೆಯೇ. ಅಕ್ಕಲಕೋಟದಿಂದ ದನದ ಡಾಕ್ಟರು ಬೈಕಿನ ಮೇಲೆ ಬಂದರು. ಎದೆಗೆ ನಳಿಗೆ ಹಚ್ಚಿ ಕೇಳಿದರು, ಮುಖ ಸಣ್ಣದು ಮಾಡಿದರು.

'ಎದಿಯಾಗ ಏನೋ ಹೋಗ್ಯದ. ಬಾಯಾಗ ಏನರ ಹಾಕೀರೇನು? ಔಷಧ, ಎಣ್ಣಿ?'

ಅಪ್ಪ ನನ್ನ ಕಡೆ ನೋಡಿದ. ತಂಗಿಯೂ ನೋಡಿದಳು. ಇದು ಹೇಳುವ ಹೊತ್ತು ಎಂದು ನನಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲಿ ಮಾತು ಇತ್ತು. ಆದರೆ ನಿನ್ನೆಯ 'ಇಲ್ಲ' ಅಡ್ಡ ನಿಂತಿತ್ತು.

'ಇಲ್ರಿ. ನಾವ್ಯಾಕ ಹಾಕೂನು?' ಎಂದೆ.

ಆಗ ತಂಗಿ ಅಳತೊಡಗಿದಳು. 'ನಾ ಹಾಕೀನಿ,' ಎಂದಳು.

ನನಗೆ ತಿಳಿಯಲಿಲ್ಲ. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದು ಒಂದು ಗಳಿಗೆ ಗಾಬರಿಯಾದೆ. ಆದರೆ ಆಕೆ ಹೇಳಿದ್ದು ಬೇರೆ. ಹಬ್ಬದ ದಿನ ಕೆಮ್ಮು ಸ್ವಲ್ಪ ಕಡಿಮೆಯಾದ ಹಾಗೆ ಕಂಡಾಗ ಲಂಗದೊಳಗೆ ಮುಚ್ಚಿ ತಂದಿದ್ದ ಒಂದು ತುಣುಕು ಹೋಳಿಗೆಯನ್ನು ತಟ್ಟಿಗೆ ತಿನ್ನಿಸಿದ್ದಳಂತೆ. ಸಿಹಿ ಮುಟ್ಟಿಸಬೇಡ ಎಂದು ಆಯಿ ಹೇಳಿದ್ದರೂ. ಎಲ್ಲರೂ ಹೋಳಿಗೆ ತಿನ್ನುತ್ತಾರೆ, ಅದು ಮಾತ್ರ ತಿನ್ನುವುದಿಲ್ಲ ಎಂದು ಅನಿಸಿತಂತೆ. ನನಗೆ ಅನಿಸಿದ್ದೇ ಆಕೆಗೂ ಅನಿಸಿತ್ತು.

ಡಾಕ್ಟರು, 'ತುಣುಕು ಹೋಳಿಗಿಗೆ ಹಿಂಗಾಗಂಗಿಲ್ಲವಾ,' ಎಂದರು. ಅಪ್ಪ ಆಕೆಯ ತಲೆಯ ಮೇಲೆ ಕೈ ಇಟ್ಟ. ಆದರೆ ಡಾಕ್ಟರು ಕೇಳಿದ ಮಾತಿಗೆ ಆ ಅಂಗಳದಲ್ಲಿ ಹೌದು ಎಂದವಳು ಆಕೆ ಒಬ್ಬಳೇ. ಬೇರೆ ಕಾರಣ ಯಾರೂ ಹೇಳಲಿಲ್ಲ. ಇಂಜೆಕ್ಷನ್ನು ಕೊಟ್ಟು ಡಾಕ್ಟರು ಹೋದರು. ನಾನು ಆ ಹೋಳಿಗೆಯ ಹಿಂದೆ ಅಡಗಿದೆ. ಬೇರೆ ಮಾತು ನನಗೆ ಸಿಗುತ್ತಿಲ್ಲ. ಎಂಟು ವರ್ಷದ ಹುಡುಗಿಯ ಕೈಯಲ್ಲಿನ ತುಣುಕು ಹೋಳಿಗೆಯ ಹಿಂದೆ.

ಆಮೇಲಿನ ದಿನಗಳಲ್ಲಿ ನಾನು ನೋಡಿದ್ದನ್ನು ಯಾರೂ ನೋಡಬಾರದು. ಆಯಿ ಕಲಿಸಿದ್ದನ್ನೆಲ್ಲ ಆಕೆ ಒಂದೂ ಬಿಡದೆ ಮಾಡಿದಳು. ಹೊಳ್ಳೆಗಳನ್ನು ಬೆಚ್ಚಗಿನ ನೀರಿನ ಅರಿವೆಯಿಂದ ಒರೆಸಿದಳು. ತಲೆ ಕೆಳಗೆ ಇಟ್ಟು ನಿಲ್ಲಲಿ ಎಂದು ಮೇವನ್ನು ನೆಲದ ಮೇಲೆ ಹಾಕಿದಳು. ಒಂದೊಂದೇ ಹಸಿ ಎಸಳು ತುಟಿಗೆ ಮುಟ್ಟಿಸಿದಳು. ಲದ್ದಿ ಬಿದ್ದರೆ ಓಡಿ ಹೋಗಿ ನೋಡಿ ನನಗೆ ಬಂದು ಹೇಳುತ್ತಿದ್ದಳು, 'ಅಣ್ಣಾ, ಇವತ್ತ ಚಲೋ ಅದ.' ನಾನು, 'ಹೌದಾ? ಚಲೋ ಆತು,' ಅನ್ನುತ್ತಿದ್ದೆ. ಅವ್ವ ಉಣ್ಣಲು ಕರೆದರೆ ನನ್ನನ್ನು ಅಲ್ಲಿ ನಿಲ್ಲಿಸಿ ಹೋಗುತ್ತಿದ್ದಳು. 'ನೀ ಇಲ್ಲೇ ನಿಂದ್ರು, ಅದೊಂದನ್ನ ಬಿಟ್ಟು ಹೋಗಬ್ಯಾಡ.' ನಾನು ಅದರ ಮುಂದೆ ನಿಲ್ಲುತ್ತಿದ್ದೆ. ಅದು ನನ್ನ ಕೈ ಮೂಸಲು ಮುಂದೆ ಬರುತ್ತಿತ್ತು.

ಆಯಿ ಮಗನ ಜೋಡಿ ಬಂದಳು. ತಟ್ಟಿನ ಕೊರಳು ತಡವಿದಳು, ಬಗ್ಗಿ ಅದರ ಹೊಳ್ಳೆಯ ಹತ್ತಿರ ಮೂಗು ಒಯ್ದಳು.

'ಎಣ್ಣಿ ವಾಸನಿ ಬರ್ತದ,' ಎಂದಳು.

'ಹಬ್ಬದಾಗ ಎತ್ತಿನ ಕೋಡಿಗೆ ಹಚ್ಚಿದ್ವಿರಿ. ಕೈಗೆ ಹತ್ತಿರತದ,' ಎಂದೆ.

ಆಯಿ ನನ್ನನ್ನು ನೋಡಿದಳು. ಅಂದು ಎತ್ತಿನ ರಾಜಾ ಎಂದು ಕರೆಯಲಿಲ್ಲ.

ಮರುದಿನ ಇಳಿಹೊತ್ತಿಗೆ ಬೇವಿನ ಕೆಳಗೆ ಅದು ಮೊಣಕಾಲೂರಿ ಕುಳಿತಿತು, ಮತ್ತೆ ಏಳಲಿಲ್ಲ. ಅಪ್ಪ ಜೆಸಿಬಿಯವನನ್ನು ಕರೆಸಿ ಬದುವಿನ ಹತ್ತಿರ ಕುಣಿ ತೋಡಿಸಿದ. ತಂಗಿ ಹೋಗಿ ಅದರ ನಾಲ್ಕೂ ಗೊರಸು ಕೆರೆದಳು. ಯಾರೂ ಬೇಡ ಅನ್ನಲಿಲ್ಲ. ಜೆಸಿಬಿಯ ಡ್ರೈವರ ಮಶೀನು ಬಂದ್ ಮಾಡಿ ಕಾಯ್ದ.

ಮಣ್ಣು ಮುಚ್ಚಿದ ಮೇಲೆ ಆಯಿ ತಟ್ಟಿನ ಹಗ್ಗವನ್ನು ಸುತ್ತಿ ಹುಡುಗಿಯ ಕೈಗೆ ಕೊಟ್ಟಳು. ಅಪ್ಪನ ಕಡೆ ತಿರುಗಿ, 'ಕಲ್ತಾಳ,' ಎಂದಳು. 'ನನ್ನ ಮಕ್ಕಳಿಗೆ ಇಷ್ಟು ಬರಂಗಿಲ್ಲ. ಬರಶಿ ಊರ ಕಡಿಂದ ಒಂದು ಸಣ್ಣ ತಟ್ಟು ಬರೂದದ. ಅದು ಈಕೀದು. ಪೋರಿ, ಪಂಚಮಿಗೆ ಬಾ, ಕರ್ಕೊಂಡು ಹೋಗು.'

ಇಷ್ಟು ದಿನ ಯಾವ ಮಾತಿಗೆ ಆಕೆ ಕಾಯ್ದಿದ್ದಳೋ ಆ ಮಾತು ಅದು. ಆಕೆ ಹಗ್ಗವನ್ನು ಆಯಿಯ ಕೈಗೆ ತಿರುಗಿ ಕೊಟ್ಟಳು.

'ಬ್ಯಾಡ ಆಯಿ. ನನಗ ಬರಂಗಿಲ್ಲ. ನಾ ಹೋಳಿಗಿ ತಿನ್ಸೀನಿ.'

'ಅರೇ, ಹೋಳಿಗಿಂದ ಕುದುರಿ ಸಾಯಂಗಿಲ್ಲವಾ! ಏ, ನೀನರ ಹೇಳೋ ಈಕಿಗೆ.'

ಆಯಿ ನನಗೆ ಹಾದಿ ಮಾಡಿ ಕೊಟ್ಟಿದ್ದಳು. ಅಪ್ಪ ಇದ್ದ, ಅವ್ವ ಇದ್ದಳು, ಹಸಿ ಮಣ್ಣು ಮುಂದೆ ಇತ್ತು. ಒಂದು ವಾಕ್ಯ ಸಾಕಿತ್ತು.

'ಹೌದು, ಹೋಳಿಗಿಂದ ಅಲ್ಲ,' ಎಂದೆ.

'ಮತ್ತ ಎದರಿಂದ?' ಎಂದು ತಂಗಿ ಕೇಳಿದಳು. ನನ್ನ ಮುಖ ನೋಡಿ ಕೇಳಿದಳು. ನಾನು ಏನು ಹೇಳಿದರೂ ನಂಬುವ ಮುಖ ಅದು.

'ದೇವರಿಗೆ ಗೊತ್ತು,' ಎಂದೆ.

ಆಯಿ ಹಗ್ಗ ತೆಗೆದುಕೊಂಡು ಹೋದಳು. ಎರಡು ಮೂರು ಸಲ ಫೋನು ಮಾಡಿದಳು, ತಂಗಿ ಮಾತಾಡಲಿಲ್ಲ. ಆಮೇಲೆ ಫೋನು ಬರುವುದು ನಿಂತಿತು.

ಮೊದಲ ದಿನವೇ ಎಣ್ಣೆ ಹೋಗಿದೆ ಎಂದು ಹೇಳಿದ್ದರೆ ಅದು ಉಳಿಯುತ್ತಿತ್ತೋ ಇಲ್ಲವೋ. ಒಮ್ಮೆ ಸೋಲಾಪುರದಲ್ಲಿ ಬೇರೆ ಒಬ್ಬ ಡಾಕ್ಟರಿಗೆ ಬೇರೆಯವರ ಕುದುರೆ ಎಂಬ ಹಾಗೆ ಕೇಳಿದೆ. 'ಕೆಲವು ಉಳೀತಾವ, ಕೆಲವು ಉಳ್ಯಂಗಿಲ್ಲ. ಲಗೂನ ತಿಳಿದ್ರ ಚಲೋ,' ಎಂದರು. ಅದು ನನಗೆ ಶಿಕ್ಷೆಯೂ ಆಗಲಿಲ್ಲ, ಬಿಡುಗಡೆಯೂ ಆಗಲಿಲ್ಲ.

ತಂಗಿ ಈಗ ಅಕ್ಕಲಕೋಟದ ಸಾಲಿಯಲ್ಲಿ ಎಂಟನೆಯ ಇಯತ್ತೆ. ಅಭ್ಯಾಸದಲ್ಲಿ ಹುಷಾರ್ ಇದ್ದಾಳೆ, ನಗುತ್ತಾಳೆ, ನನಗೆ ಮೊದಲಿನ ಹಾಗೇ ಬೈಯುತ್ತಾಳೆ. ದನದ ಕೊಟ್ಟಿಗೆಗೆ ಮಾತ್ರ ಕಾಲಿಡುವುದಿಲ್ಲ. ಆಕಳು ಈದರೆ ಮನೆಯವರೆಲ್ಲ ಕರು ನೋಡಲು ಓಡುತ್ತೇವೆ, ಆಕೆ ಹೊಸ್ತಿಲಲ್ಲಿ ನಿಂತು, 'ಹೆಣ್ಣೋ ಗಂಡೋ?' ಎಂದು ಕೇಳಿ ಒಳಗೆ ಹೋಗುತ್ತಾಳೆ. ಹಬ್ಬದಲ್ಲಿ ಎಲ್ಲರಿಗೂ ಹೋಳಿಗೆ ಬಡಿಸುತ್ತಾಳೆ, ತನ್ನ ತಾಟಿಗೆ ಹಾಕಿಕೊಳ್ಳುವುದಿಲ್ಲ. ಸಿಹಿ ಸೇರುವುದಿಲ್ಲ ಅನ್ನುತ್ತಾಳೆ. ಅವ್ವ ಅದನ್ನು ನಂಬಿದ್ದಾಳೆ.

ಈ ಸಲದ ಕಾರ ಹುಣ್ಣಿಮೆಗೆ ನಾನು ಯಾರ ಮನೆಗೂ ಹೋಗಲಿಲ್ಲ. ಉಂಡ ಮೇಲೆ ಆಕೆ ಅಂಗಳದ ಕಟ್ಟೆಯ ಮೇಲೆ ಕುಳಿತು ಏನೋ ಓದುತ್ತಿದ್ದಳು. ಹೋಗಿ ಹತ್ತಿರ ಕುಳಿತೆ, ಹೇಳಿದೆ. ಪಾತ್ರೆಯ ತಳದಲ್ಲಿ ಉಳಿದ ಎಣ್ಣೆಯಿಂದ ಹಿಡಿದು ದೇವರಿಗೆ ಗೊತ್ತು ಎಂದದ್ದರ ತನಕ. ಆಕೆ ಪುಸ್ತಕ ಮುಚ್ಚದೆ ಕೇಳಿದಳು.

'ಅಣ್ಣಾ, ಸಾಕು,' ಎಂದಳು. 'ಆಯಿನೂ ಹಿಂಗ ಅಂತಿದ್ಲು, ಡಾಕ್ಟರೂ ಅಂದ್ರು. ನನ್ನ ಸಮಾಧಾನಕ್ಕ ನೀ ನಿನ್ನ ಮ್ಯಾಲ ತಗೋಬ್ಯಾಡ.'

'ಸುಳ್ಳಲ್ಲವಾ, ಖರೇನ ಹೇಳಾಕತ್ತೀನಿ.'

'ಆವಾಗ ಕೇಳಿದ್ನಲ್ಲ ನಾ? ಇಲ್ಲ ಅಂದಿದ್ದಿ. ನೀ ನನಗ ಸುಳ್ಳು ಹೇಳಂಗಿಲ್ಲ.'

ಅಂದಿನ ಸುಳ್ಳು ಅಷ್ಟು ಗಟ್ಟಿಯಾಗಿ ನಿಂತಿತ್ತು, ಇಂದಿನ ನಿಜಕ್ಕೆ ಜಾಗ ಇರಲಿಲ್ಲ. ಕೊಟ್ಟಿಗೆಗೆ ಹೋಗಿ ಗೋಡೆಗೆ ಸಿಕ್ಕಿಸಿದ್ದ ಗೊಟ್ಟ ತಂದೆ. ಅದನ್ನು ನೋಡಿದ ಮೇಲೆ ಆಕೆಯ ಮುಖ ಬದಲಾಯಿತು. ಪುಸ್ತಕ ಕೆಳಗೆ ಇಟ್ಟಳು.

'ಹಂಗಾರ ತೋರ್ಸು,' ಎಂದಳು. 'ಹೆಂಗ ಹಾಕಿದಿ?'

ಬೇವಿನ ಕೆಳಗೆ ಹೋಗಿ ನಿಂತೆ. ಎಡಗೈಯಿಂದ ಇಲ್ಲದ ಗದ್ದವನ್ನು ಹಿಡಿದು ಮೇಲೆತ್ತಿದೆ, ಬಲಗೈಯಲ್ಲಿ ಗೊಟ್ಟ ಓರೆ ಮಾಡಿದೆ. ಆಕೆ ಎದ್ದು ಬಂದಳು. ನನ್ನ ಎಡಗೈಯನ್ನೇ ನೋಡಿದಳು. ಆಮೇಲೆ ಮಣಿಕಟ್ಟು ಹಿಡಿದು ಕೆಳಗೆ ಇಳಿಸಿದಳು. ಎದೆಯ ಮಟ್ಟಕ್ಕಿಂತಲೂ ಕೆಳಗೆ, ಎಂಟು ವರ್ಷದ ಹುಡುಗಿಯೊಬ್ಬಳು ಮುಖಕ್ಕೆ ಮುಖ ಹಚ್ಚಿ ನಿಲ್ಲಬಹುದಾದಷ್ಟು ಕೆಳಗೆ.

'ಅದು ಇಷ್ಟ ಇತ್ತು,' ಎಂದಳು. 'ನೀ ಎತ್ತಿನ ಎತ್ತರ ಹಿಡದಿದ್ದಿ.'

ನನ್ನನ್ನು ನಂಬಿದಳೋ, ಲೆಕ್ಕ ತಪ್ಪಿದವನನ್ನು ತಿದ್ದಿದಳೋ ನನಗೆ ತಿಳಿಯಲಿಲ್ಲ. ಆಕೆ ಮಣಿಕಟ್ಟು ಬಿಟ್ಟು ಒಳಗೆ ಹೋದಳು. ಆಕೆ ಇಟ್ಟು ಹೋದ ಎತ್ತರದಲ್ಲಿ ಕೈ ಹಿಡಿದುಕೊಂಡು ನಾನು ಅಲ್ಲೇ ನಿಂತಿದ್ದೆ.